ನಿಕಾಹ್‌ಗೆ ಮುಂಚೆ ಒಂದು ರಕ್ತಪರೀಕ್ಷೆ

“ನಮ್ಮಿಬ್ಬರಿಗೂ ಯಾವ ಕಾಯಿಲೆಯೂ ಇಲ್ಲ, ಮನೆತನದಲ್ಲೂ ಇಲ್ಲ. ಮತ್ತೆ ಮಗುವಿಗೆ ಎಲ್ಲಿಂದ ಬಂತು ಹಕೀಂ ಸಾಬ್?” ಮಗುವಿಗೆ ಥಲಸ್ಸೇಮಿಯಾ ಇದೆ ಎಂದು ತಿಳಿದ ತಂದೆತಾಯಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಉತ್ತರಗಳು ಬಂದು ಕೂರುತ್ತವೆ. ಬಸುರಿಯಲ್ಲಿ ತಾಯಿ ಸರಿಯಾಗಿ ಊಟ ಮಾಡಲಿಲ್ಲ, ಯಾರದೋ ನಜರ್ ತಗುಲಿತು, ಸೊಸೆಯ ಕಡೆಯವರ ರಕ್ತವೇ ಸರಿಯಿಲ್ಲ ಎಂಬ ಮಾತುಗಳು ಮನೆಯಲ್ಲಿ ಓಡಾಡುತ್ತವೆ. ಮೂರೂ ಸುಳ್ಳು. ನಿಜವಾದ ಉತ್ತರ ನಮ್ಮ ಮಕ್ಕಳ ಹೈಸ್ಕೂಲ್ ಜೀವಶಾಸ್ತ್ರದ ಪುಸ್ತಕದಲ್ಲೇ ಇದೆ. ಜೀವಕೋಶ, ಕೋಶ ವಿಭಜನೆ, ಅನುವಂಶೀಯತೆ ಎಂದು ಪರೀಕ್ಷೆಗೆ ಓದಿ ಮರೆತುಬಿಡುವ ಆ ಪಾಠವನ್ನು ಮನೆಯ ಹಿರಿಯರೂ ಒಮ್ಮೆ ಓದಿಕೊಳ್ಳಬೇಕು. ಸಂಬಂಧ ಕುದುರಿಸುವವರು ಅವರೇ ತಾನೇ.

ರಕ್ತದಿಂದಲೇ ಶುರು ಮಾಡೋಣ. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತ ಕಣಗಳ ಜಾಗಕ್ಕೆ ಹೊಸವು ಬರಲು ನಮ್ಮ ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಣಗಳನ್ನು ತಯಾರಿಸುತ್ತದೆ. ಮಜ್ಜೆಯಲ್ಲಿರುವ ಮೂಲಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗುತ್ತದೆ. ಪ್ರತಿ ಸಲ ಒಡೆಯುವ ಮುಂಚೆಯೂ ಅದು ತನ್ನ 46 ವರ್ಣತಂತುಗಳನ್ನು ನಕಲು ಮಾಡಿಕೊಂಡು ಎರಡೂ ಮರಿಕೋಶಗಳಿಗೆ ಪೂರ್ತಿ ಪ್ರತಿ ಕೊಡುತ್ತದೆ. ಗಾಯ ಮಾಯುವುದು, ಮಗು ಬೆಳೆಯುವುದು, ಚರ್ಮ ಹೊಸದಾಗುವುದು ಎಲ್ಲವೂ ಇದೇ ಬಗೆಯ ವಿಭಜನೆಯಿಂದ.

ಎಷ್ಟು ಕಣ ಬೇಕೆಂದು ಮಜ್ಜೆಗೆ ಹೇಳುವವರು ಯಾರು? ಮೂತ್ರಪಿಂಡ. ಆಮ್ಲಜನಕ ಕಡಿಮೆಯಾದರೆ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸುದ್ದಿ ಮುಟ್ಟಿಸಲು ಈ ಹಾರ್ಮೋನ್ ಕೋಶದ ಒಳಗೆ ಹೋಗಬೇಕಿಲ್ಲ. ಮಜ್ಜೆಯ ಎಳೆಯ ಕೋಶಗಳ ಹೊರಮೈಯಲ್ಲಿ ಅದಕ್ಕೆಂದೇ ಇರುವ ಗ್ರಾಹಕಕ್ಕೆ ಬಂದು ಅಂಟಿಕೊಳ್ಳುತ್ತದೆ, ಅಷ್ಟೆ. ಬಾಗಿಲ ಕರೆಗಂಟೆ ಒತ್ತಿದಂತೆ. ಒತ್ತಿದವನು ಹೊರಗೇ ನಿಂತಿದ್ದರೂ ಸದ್ದು ಒಳಮನೆಗೆ ತಲುಪುತ್ತದೆ. ಕೋಶದೊಳಗೆ ಒಂದು ಪ್ರೋಟೀನ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುತ್ತಾ ಅದು ಕೋಶಕೇಂದ್ರದವರೆಗೆ ಹೋಗುತ್ತದೆ. ಸಾಯಬೇಡ, ವಿಭಜನೆಯಾಗು, ಬೇಗ ಪಕ್ವವಾಗು ಎಂಬುದೇ ಆ ಸುದ್ದಿ. ರಕ್ತ ಸಾಕಾದ ಮೇಲೆ ಮೂತ್ರಪಿಂಡ ತನ್ನ ಕರೆಯನ್ನು ತಗ್ಗಿಸುತ್ತದೆ.

ಥಲಸ್ಸೇಮಿಯಾ ಇರುವ ಮಗುವಿನಲ್ಲಿ ಈ ಕರೆ ನಿಲ್ಲುವುದೇ ಇಲ್ಲ. ಕೆಂಪು ಕಣದ ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳಿಂದ ಆದದ್ದು. ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿ ಹುಟ್ಟದಿದ್ದರೆ, ಅಥವಾ ತೀರಾ ಕಡಿಮೆ ಹುಟ್ಟಿದರೆ, ಜೋಡಿ ಸಿಗದ ಆಲ್ಫಾ ಸರಪಳಿಗಳು ಕೋಶದೊಳಗೇ ಗಟ್ಟಿಯಾಗಿ ಕೂತು ಅದನ್ನು ಮಜ್ಜೆಯಲ್ಲೇ ಕೊಲ್ಲುತ್ತವೆ. ಹೊರಗೆ ರಕ್ತ ಬರುವುದಿಲ್ಲ. ಮೂತ್ರಪಿಂಡ ಇನ್ನೂ ಜೋರಾಗಿ ಕರೆಯುತ್ತದೆ, ಮಜ್ಜೆ ಇನ್ನೂ ಹೆಚ್ಚು ಕೋಶಗಳನ್ನು ಹುಟ್ಟಿಸುತ್ತದೆ, ಅವೂ ಸಾಯುತ್ತವೆ. ಸರಿಯಾಗಿ ರಕ್ತ ಸಿಗದ ಮಕ್ಕಳ ಹಣೆ, ಕೆನ್ನೆಯ ಮೂಳೆ ಉಬ್ಬಿ ಮುಖದ ರೂಪವೇ ಬದಲಾಗುವುದು ಹೀಗೆ. ಒಳಗಿನ ಮಜ್ಜೆ ಹಿಗ್ಗಿ ಮೂಳೆಯನ್ನು ತಳ್ಳುತ್ತದೆ. ಗುಲ್ಮ, ಅಂದರೆ ತಿಲ್ಲಿ, ಊದಿ ಹೊಟ್ಟೆ ಮುಂದೆ ಬರುತ್ತದೆ. ಜಿಗರ್ ಕೂಡ ರಕ್ತ ಮಾಡುವ ಕೆಲಸಕ್ಕೆ ಇಳಿಯುತ್ತದೆ. ರಕ್ತ ಹುಟ್ಟುವುದು ಜಿಗರ್‌ನಲ್ಲಿ ಎಂದು ನಮ್ಮ ಹಳೆಯ ತಿಬ್ಬಿನ ಗ್ರಂಥಗಳು ಹೇಳುತ್ತಿದ್ದವು. ದೊಡ್ಡವರ ಮಟ್ಟಿಗೆ ಅದು ಸರಿಯಲ್ಲ. ಆದರೆ ಗರ್ಭದಲ್ಲಿರುವ ಮಗುವಿಗೆ ತಿಂಗಳುಗಟ್ಟಲೆ ರಕ್ತ ತಯಾರಾಗುವುದು ಜಿಗರ್‌ನಲ್ಲೇ. ಆ ಹಳೆಯ ಕೆಲಸವನ್ನು ಅದು ಪೂರ್ತಿ ಮರೆತಿರುವುದಿಲ್ಲ.

ಹುಟ್ಟಿದಾಗ ಇಂಥ ಮಗು ಗುಂಡುಗುಂಡಾಗಿ ಆರೋಗ್ಯವಾಗಿಯೇ ಇರುತ್ತದೆ. ಗರ್ಭದ ಹಿಮೋಗ್ಲೋಬಿನ್‌ಗೆ ಬೀಟಾ ಸರಪಳಿ ಬೇಕಿಲ್ಲ, ಅದರಲ್ಲಿ ಗಾಮಾ ಎಂಬ ಬೇರೆ ಸರಪಳಿ ಇರುತ್ತದೆ. ಹುಟ್ಟಿದ ಮೇಲೆ ತಿಂಗಳು ಕಳೆದಂತೆ ಗಾಮಾ ಕಡಿಮೆಯಾಗಿ ಬೀಟಾ ಆ ಜಾಗಕ್ಕೆ ಬರಬೇಕು. ಬರದಿದ್ದಾಗ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಮಗು ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯುವಾಗಲೇ ಸುಸ್ತಾಗುತ್ತದೆ, ಮೇಲಿಂದ ಮೇಲೆ ಜ್ವರ ಬರುತ್ತದೆ. ನಜರ್ ತಗುಲಿತು ಎಂದು ಜನ ಹೇಳುವುದೂ ಇದೇ ಹೊತ್ತಿಗೆ. ಚೆನ್ನಾಗಿದ್ದ ಮಗು ಕಣ್ಣೆದುರೇ ಸೊರಗಿದರೆ ಹಾಗೆ ಅನ್ನಿಸುವುದು ಸಹಜ. ದುಆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ರಕ್ತಪರೀಕ್ಷೆಯನ್ನು ಒಂದು ವಾರವೂ ಮುಂದೂಡಬೇಡಿ.

ಈಗ ತಂದೆತಾಯಿಯ ಪ್ರಶ್ನೆಗೆ ಬರೋಣ. ನಮ್ಮ 46 ವರ್ಣತಂತುಗಳು 23 ಜೋಡಿಗಳಾಗಿವೆ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ಬೀಟಾ ಸರಪಳಿಯ ಜೀನ್ ಇರುವುದು 11ನೇ ವರ್ಣತಂತುವಿನಲ್ಲಿ. ಹಾಗಾಗಿ ಪ್ರತಿಯೊಬ್ಬರಲ್ಲೂ ಆ ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟು ಇನ್ನೊಂದು ಚೆನ್ನಾಗಿದ್ದರೆ ಆ ವ್ಯಕ್ತಿ ವಾಹಕ. ಒಳ್ಳೆಯ ಪ್ರತಿಯೇ ಕೆಲಸ ನಡೆಸಿಕೊಂಡು ಹೋಗುತ್ತದೆ. ರಕ್ತ ಸ್ವಲ್ಪ ಕಡಿಮೆ ಇರಬಹುದು, ಅಷ್ಟೇ. ಆತ ಹೊಲದಲ್ಲಿ ದುಡಿಯುತ್ತಾನೆ, ರೋಜಾ ಹಿಡಿಯುತ್ತಾನೆ, ಹಜ್‌ಗೆ ಹೋಗಿಬರುತ್ತಾನೆ, ಮುಪ್ಪಿನವರೆಗೂ ಬಾಳುತ್ತಾನೆ. ತಾನು ವಾಹಕ ಎಂದು ಅವನಿಗೆ ಎಂದೂ ಗೊತ್ತಾಗದೇ ಹೋಗಬಹುದು. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ದೋಷದಲ್ಲಿ ಬದಲಾಗಿರುವುದು ಆ ಜೀನ್‌ನ ಒಂದೇ ಒಂದು ಅಕ್ಷರ. ನಮ್ಮ ಪೂರ್ತಿ ಆನುವಂಶಿಕ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ.

ಅಂಡಾಣು, ವೀರ್ಯಾಣು ಹುಟ್ಟುವಾಗ ಮಾತ್ರ ಕೋಶ ಬೇರೆ ರೀತಿಯಲ್ಲಿ ಒಡೆಯುತ್ತದೆ. ಪೂರ್ತಿ ಪ್ರತಿ ಕೊಡುವುದಿಲ್ಲ. ಜೋಡಿಗಳು ಬೇರೆಯಾಗಿ ಅರ್ಧ ಮಾತ್ರ, ಅಂದರೆ 23 ವರ್ಣತಂತು, ಒಂದೊಂದರೊಳಗೆ ಹೋಗುತ್ತದೆ. ವಾಹಕನಾದ ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಒಳ್ಳೆಯ ಪ್ರತಿ ಹೊತ್ತಿರುತ್ತವೆ, ಅರ್ಧದಷ್ಟು ಕೆಟ್ಟದ್ದನ್ನು. ವಾಹಕಳಾದ ತಾಯಿಯ ಅಂಡಾಣುವಿನದೂ ಅದೇ ಲೆಕ್ಕ. ಯಾವುದು ಯಾವುದನ್ನು ಸೇರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಎರಡೂ ಒಳ್ಳೆಯವು ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಒಳ್ಳೆಯದು, ಒಂದು ಕೆಟ್ಟದ್ದು ಸೇರಿ ಮಗು ತಂದೆತಾಯಿಯಂತೆಯೇ ವಾಹಕ ಆಗುವುದು ನಾಲ್ಕರಲ್ಲಿ ಎರಡು. ಎರಡೂ ಕೆಟ್ಟವು ಸೇರಿದರೆ ಥಲಸ್ಸೇಮಿಯಾ ಮೇಜರ್. ಅದು ನಾಲ್ಕರಲ್ಲಿ ಒಂದು.

ಈ ‘ನಾಲ್ಕರಲ್ಲಿ ಒಂದು’ ಎಂಬುದನ್ನು ಜನ ತಪ್ಪಾಗಿ ಹಿಡಿದುಕೊಳ್ಳುತ್ತಾರೆ. “ಮೊದಲನೆಯದಕ್ಕೆ ಬಂದುಹೋಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ” ಎನ್ನುತ್ತಾರೆ. ಹಾಗಲ್ಲ. ಚೌಕಾಬಾರದ ಕವಡೆಗೆ ಹಿಂದಿನ ಆಟ ನೆನಪಿರುತ್ತದೆಯೇ? ಪ್ರತಿ ಬಸುರಿಗೂ ಲೆಕ್ಕ ಹೊಸದು. ಇಬ್ಬರೂ ವಾಹಕರಾದ ದಂಪತಿಗೆ ನಾಲ್ಕು ಮಕ್ಕಳಾಗಿ ಒಬ್ಬರಿಗೂ ರೋಗ ಬರದಿರುವ ಸಾಧ್ಯತೆ ನೂರಕ್ಕೆ ಸುಮಾರು 32. “ನಮ್ಮ ಅಜ್ಜ-ಅಜ್ಜಿಗೆ ಏನೂ ಆಗಲಿಲ್ಲವಲ್ಲ” ಎಂಬ ವಾದ ನಿಲ್ಲದಿರುವುದು ಇದಕ್ಕೇ. ಅವರು ವಾಹಕರಾಗಿದ್ದರೂ ಅವರ ಮಕ್ಕಳೆಲ್ಲ ಆರೋಗ್ಯವಾಗಿಯೇ ಇದ್ದಿರಬಹುದು. ಇನ್ನೊಂದು ಮಾತು. ಮೇಜರ್ ಆಗಬೇಕಾದರೆ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕು. ಸೊಸೆಯನ್ನು ಮಾತ್ರ ದೂರುವ ಅತ್ತೆ ತನ್ನ ಮಗನ ವರದಿಯನ್ನೂ ಒಮ್ಮೆ ನೋಡಲಿ.

ನಮ್ಮ ದೇಶದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ಬೀಟಾ ಥಲಸ್ಸೇಮಿಯಾ ವಾಹಕರು ಎಂಬುದು ಅಂದಾಜು. ಕೆಲವು ಸಮುದಾಯಗಳಲ್ಲಿ ಇದು ಇನ್ನೂ ಹೆಚ್ಚು. ಸಿಂಧಿ, ಪಂಜಾಬಿ, ಲೋಹಾಣರ ಜೊತೆಗೆ ನಮ್ಮವರೇ ಆದ ಕಚ್ಛಿ ಮೆಮನ್ನರ ಹೆಸರೂ ಆ ಪಟ್ಟಿಯಲ್ಲಿದೆ. ಇದಕ್ಕೆ ರಕ್ತಸಂಬಂಧದ ಮದುವೆಯನ್ನು ಸೇರಿಸಿ ನೋಡಿ. ಚಾಚಾ, ಮಾಮು, ಖಾಲಾ, ಫುಫ್ಫಿಯ ಮಕ್ಕಳು ನಮ್ಮ ಜೊತೆ ಒಬ್ಬರೇ ಅಜ್ಜ-ಅಜ್ಜಿಯನ್ನು ಹಂಚಿಕೊಂಡವರು. ಹುಡುಗ ವಾಹಕನಾಗಿದ್ದರೆ, ಅದೇ ಕೆಟ್ಟ ಪ್ರತಿ ಅವನ ಖಾಲಾ ಮಗಳಲ್ಲೂ ಇರುವ ಸಾಧ್ಯತೆ ಎಂಟರಲ್ಲಿ ಒಂದು, ಅಂದರೆ ನೂರಕ್ಕೆ ಹನ್ನೆರಡೂವರೆ. ಇಬ್ಬರು ಅಣ್ಣತಮ್ಮಂದಿರು ಇಬ್ಬರು ಅಕ್ಕತಂಗಿಯರನ್ನು ಮದುವೆಯಾಗಿ, ಅವರ ಮಕ್ಕಳು ಪರಸ್ಪರ ಮದುವೆಯಾದರೆ ಅದು ನಾಲ್ಕರಲ್ಲಿ ಒಂದಕ್ಕೆ ಏರುತ್ತದೆ. ತಲೆಮಾರುಗಳಿಂದ ಒಳಗೊಳಗೇ ಕೊಟ್ಟುತಂದ ಮನೆಗಳಲ್ಲಿ ಇನ್ನೂ ಹೆಚ್ಚಬಹುದು.

ಇಂಥ ಸಂಬಂಧಗಳನ್ನೆಲ್ಲ ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಶರೀಅತ್ ಇದಕ್ಕೆ ಅನುಮತಿ ಕೊಟ್ಟಿದೆ, ಮಾಡಲೇಬೇಕೆಂದು ಆದೇಶಿಸಿಲ್ಲ. ಅನುಮತಿ ಇರುವ ಕೆಲಸವನ್ನು ಕಣ್ಣು ತೆರೆದು ಮಾಡಬಹುದು. ಮದುವೆಗೆ ಮುಂಚೆ ರಕ್ತ ಪರೀಕ್ಷಿಸುವುದು ನಮ್ಮ ಸಂಪ್ರದಾಯವಲ್ಲ ಎನ್ನುವವರಿಗೆ ಒಂದು ಮಾತು. ಇರಾನ್‌ನಲ್ಲಿ 1997ರಿಂದ ನಿಕಾಹ್‌ಗೆ ಮುಂಚೆ ಈ ಪರೀಕ್ಷೆ ಕಡ್ಡಾಯ. ಸೌದಿ ಅರೇಬಿಯಾದಲ್ಲಿ 2004ರಿಂದ ಕಡ್ಡಾಯ. ಸೌದಿಯಲ್ಲಿ ಇಬ್ಬರೂ ವಾಹಕರೆಂದು ಗೊತ್ತಾದರೂ ಕಾನೂನು ಮದುವೆಯನ್ನು ತಡೆಯುವುದಿಲ್ಲ, ನಿರ್ಧಾರ ಅವರಿಗೇ ಬಿಟ್ಟದ್ದು. ಆದರೆ ಏನೂ ತಿಳಿಯದೆ ಮದುವೆಯಾಗುವಂತಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಮೊದಲು ಸಿಬಿಸಿ. ಅದರಲ್ಲಿ ಎಂಸಿವಿ ಎಂಬ ಸಾಲು ನೋಡಿ, ಅದು ರಕ್ತಕಣದ ಗಾತ್ರ. ದೊಡ್ಡವರಲ್ಲಿ 80ಕ್ಕಿಂತ ಕಡಿಮೆ ಇದ್ದು, ಕೆಂಪು ಕಣಗಳ ಸಂಖ್ಯೆ ಮಾತ್ರ ಹೆಚ್ಚಿದ್ದರೆ ವಾಹಕ ಇರಬಹುದೆಂಬ ಅನುಮಾನ ಬರಬೇಕು. ಆಗ ಎಚ್‌ಪಿಎಲ್‌ಸಿ ವಿಧಾನದಲ್ಲಿ ಹಿಮೋಗ್ಲೋಬಿನ್ ಎ2 ಅಳೆಸಬೇಕು. ಅದು ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕ ಎಂದೇ ಅರ್ಥ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಂಬಂಧದ ಮಾತು ಶುರುವಾಗುವ ಮುಂಚೆಯೇ ಮಾಡಿಸುವುದು ಲೇಸು. ಮೆಹಂದಿಯ ಹಿಂದಿನ ದಿನ ವರದಿ ಕೈಗೆ ಬಂದರೆ ಯಾರಿಗೂ ಯೋಚಿಸುವ ವ್ಯವಧಾನ ಇರುವುದಿಲ್ಲ. ವಾಹಕ ಎಂದು ತಿಳಿದ ಹುಡುಗಿಯನ್ನು ಬೇಡ ಎನ್ನಲು ಕಾರಣವೇ ಇಲ್ಲ. ಹುಡುಗ ವಾಹಕನಲ್ಲದಿದ್ದರೆ ಅವರ ಯಾವ ಮಗುವಿಗೂ ಬೀಟಾ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲ.

ಈಗಾಗಲೇ ಮದುವೆಯಾಗಿದ್ದರೆ? ಬಸುರಿಯಾದ ತಕ್ಷಣ ತಾಯಿಯ ಪರೀಕ್ಷೆ, ಆಕೆ ವಾಹಕಳಾದರೆ ತಡಮಾಡದೆ ತಂದೆಯದು. ಇಬ್ಬರೂ ವಾಹಕರಾದರೆ ಸುಮಾರು 10ರಿಂದ 12ನೇ ವಾರದ ಹೊತ್ತಿಗೆ ಗರ್ಭದ ಮಾಸಿನಿಂದ ತುಸು ಮಾದರಿ ತೆಗೆದು ಮಗುವಿನ ಜೀನ್ ನೋಡಬಹುದು. ಮುಂದೇನು ಎಂಬುದು ಆ ದಂಪತಿ, ತಜ್ಞ ವೈದ್ಯರು, ತಾವು ನಂಬುವ ಆಲಿಮರು ಕೂತು ಮಾತಾಡಬೇಕಾದ ವಿಷಯ. ಅದಕ್ಕೆ ಸಮಯ ಬೇಕು, ಐದನೇ ತಿಂಗಳಲ್ಲಿ ಓಡಿಬಂದರೆ ಆ ಸಮಯ ಇರುವುದಿಲ್ಲ.

ನನ್ನದೇ ಪದ್ಧತಿಯ ಬಗ್ಗೆಯೂ ಹೇಳಬೇಕು. ಮಗು ಬಿಳಿಚಿಕೊಂಡಿದೆ ಎಂದ ಕೂಡಲೇ ಶರ್ಬತ್ ಫೌಲಾದ್ ತಂದು ಕುಡಿಸುವವರು ಬಹಳ. ಫೌಲಾದ್ ಎಂದರೆ ಕಬ್ಬಿಣ. ಕಬ್ಬಿಣದ ಕೊರತೆಗೆ ಅದು ಸರಿ. ಥಲಸ್ಸೇಮಿಯಾದಲ್ಲಿ ಇರುವುದು ಕೊರತೆಯಲ್ಲ, ಹೆಚ್ಚಳ. ಕೊಡುವ ಪ್ರತಿ ಬಾಟಲಿ ರಕ್ತದ ಜೊತೆಗೂ ಕಬ್ಬಿಣ ಒಳಗೆ ಹೋಗುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಸಾಲದ್ದಕ್ಕೆ, ಮಜ್ಜೆಯ ಆ ನಿಲ್ಲದ ಹಪಾಹಪಿಯಿಂದ ಕರುಳು ಕೂಡ ಆಹಾರದಿಂದ ಹೆಚ್ಚು ಕಬ್ಬಿಣ ಹೀರುತ್ತದೆ. ಅದೆಲ್ಲ ಹೃದಯ, ಜಿಗರ್, ಗ್ರಂಥಿಗಳಲ್ಲಿ ಕೂತು ಅವುಗಳನ್ನು ಕೆಡಿಸುತ್ತದೆ. ಆದ್ದರಿಂದ ಇಂಥ ಮಗುವಿಗೆ ಕಬ್ಬಿಣದ ಟಾನಿಕ್ ಆಗಲಿ ಕುಶ್ತಾ ಆಗಲಿ ಕೊಡಲೇಬಾರದು. ಯುನಾನಿಯಲ್ಲಿ ಇದನ್ನು ಗುಣಪಡಿಸುವ ಔಷಧ ಇದೆ ಎಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ, ಅಂಥದ್ದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ, ಕಬ್ಬಿಣ ಹೊರಹಾಕುವ ಡೆಫೆರಾಸಿರಾಕ್ಸ್‌ನಂಥ ಔಷಧ, ಹೊಂದುವ ದಾನಿ ಸಿಕ್ಕರೆ ಮೂಳೆಮಜ್ಜೆಯ ಕಸಿ, ಇವು ಸದ್ಯ ಇರುವ ದಾರಿ. ಸರಿಯಾಗಿ ನೋಡಿಕೊಂಡ ಮಕ್ಕಳು ಓದಿ, ಉದ್ಯೋಗ ಮಾಡಿ, ಸಂಸಾರ ಕಟ್ಟಿಕೊಂಡಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಕೂಡ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಲ್ಯಾಬ್‌ಗೆ ಹೋಗುವ ಮುಂಚೆ ಎರಡು ಸಂಗತಿ ನೆನಪಿಡಿ. ಮೈಯಲ್ಲಿ ಕಬ್ಬಿಣ ತೀರಾ ಕಡಿಮೆ ಇದ್ದರೆ ಎ2 ಅಂಕಿ ಸುಳ್ಳಾಗಿ ಇಳಿದು ಕಾಣಬಹುದು, ಹಾಗಾಗಿ ಅನುಮಾನವಿದ್ದರೆ ಕೊರತೆ ಸರಿಪಡಿಸಿ ಮತ್ತೊಮ್ಮೆ ಅಳೆಸಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು ಆ ವಿಷಯ ಲ್ಯಾಬ್‌ನವರಿಗೆ ಹೇಳಿ, ಏಕೆಂದರೆ ಆಗ ಅಳೆಯುವುದರಲ್ಲಿ ದಾನಿಯ ರಕ್ತವೂ ಸೇರಿರುತ್ತದೆ. ಮನೆಯಲ್ಲಿ ಒಬ್ಬರು ವಾಹಕರೆಂದು ತಿಳಿದರೆ ಅವರ ಅಣ್ಣ, ತಮ್ಮ, ಅಕ್ಕ, ತಂಗಿಯರೆಲ್ಲರನ್ನೂ ಪರೀಕ್ಷೆಗೆ ಕಳಿಸಿ. ಅವರಲ್ಲಿ ಪ್ರತಿಯೊಬ್ಬರೂ ವಾಹಕರಾಗಿರುವ ಸಾಧ್ಯತೆ ಕಡಿಮೆಯೆಂದರೂ ಎರಡರಲ್ಲಿ ಒಂದು.