ಮತ್ತೆ ಮತ್ತೆ ಹೋಗಲು ಆಗುವಂಥ ಮನೋವೈದ್ಯರು ಬೇಕು

ಹಾವೇರಿ ಜಿಲ್ಲೆಯಲ್ಲಿರುವ ನನ್ನ ಸೋದರಮಾವನ ಮನೆಯ ಕಪಾಟಿನಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲವಿತ್ತು. ತಾಲ್ಲೂಕು ಆಸ್ಪತ್ರೆಯ ಯುವ ಮನೋವೈದ್ಯರು ಅದನ್ನು ಮೇಜಿನ ಮೇಲೆ ಸುರುವಿದಾಗ ಹನ್ನೊಂದು ಮಾತ್ರೆ ಶೀಟುಗಳು ಬಿದ್ದವು. ಕೆಲವು ಪೂರ್ತಿ, ಕೆಲವು ಅರ್ಧ. ಜೊತೆಗೆ ಮೂರು ಊರಿನ ಮೂರು ಆಸ್ಪತ್ರೆಗಳ ಚೀಟಿಗಳು. ವೈದ್ಯರು ಶೀಟುಗಳನ್ನು ಮಗುಚಿ, ಹಿಂಬದಿಯ ಸಣ್ಣ ಅಕ್ಷರ ಓದುತ್ತ, ಇಸ್ಪೀಟು ಎಲೆಯ ಹಾಗೆ ಸಾಲಾಗಿ ಜೋಡಿಸಿದರು. ಎರಡನ್ನು ಎತ್ತಿ ಹಿಡಿದು, "ಇವೆರಡೂ ಒಂದೇ ಔಷಧಿ, ಕಂಪನಿ ಮಾತ್ರ ಬೇರೆ" ಎಂದರು.

"ಅಲ್ರೀ ಡಾಕ್ಟ್ರ, ಬಣ್ಣ ಬ್ಯಾರೆ ಐತಲ್ರಿ! ನಾ ಎರಡೂ ಕೊಡಾಕತ್ತಿದ್ನಿ" ಎಂದರು ನಮ್ಮತ್ತೆ.

ಮಾವನಿಗೆ ಇರುವುದು ಬೈಪೋಲಾರ್ ಕಾಯಿಲೆ. ಮೊದಲು ತೋರಿಸಿದ್ದು ಬೆಂಗಳೂರಿನಲ್ಲಿ, ಹೆಸರಾಂತ ವೈದ್ಯರಿಗೇ. ಚಿಕಿತ್ಸೆಯೂ ಸರಿಯಾಗಿಯೇ ಇತ್ತು. ಆದರೆ ಪ್ರತಿ ಸಲ ರಾತ್ರಿ ಬಸ್ಸು, ಇಬ್ಬರ ಟಿಕೆಟ್ಟು, ಎರಡು ದಿನದ ಕೂಲಿ ನಷ್ಟ. ಎರಡು ಸಲ ಹೋದರು, ಮೂರನೆಯ ಸಲ ಹೋಗಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದರು, ಒಂದು ದಿನ ಅದೂ ನಿಂತಿತು. ಮುಂದಿನದನ್ನು ಇಂಥ ಮನೆಗಳವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಮನೋವೈದ್ಯರನ್ನು ಹುಡುಕುವಾಗ "ಯಾರು ದೊಡ್ಡ ಡಾಕ್ಟರು?" ಎಂದು ಕೇಳುವುದಕ್ಕಿಂತ "ವರ್ಷವಿಡೀ ತಪ್ಪದೆ ಯಾರ ಹತ್ತಿರ ಹೋಗಲು ನಮಗೆ ಸಾಧ್ಯ?" ಎಂದು ಕೇಳಿಕೊಳ್ಳಿ. ಮೊದಲ ಚೀಟಿ ಯಾರಾದರೂ ಬರೆದಾರು. ಡೋಸ್ ಏರಿಸಿ, ಇಳಿಸಿ, ರಕ್ತ ಪರೀಕ್ಷೆ ನೋಡಿ, ಕೊನೆಗೆ ನಿಲ್ಲಿಸುವವರೆಗೆ ಜೊತೆಗಿರುವವರು ಬೇಕು.

ಮಾತ್ರೆ ಬರೆಯುವವರು ಯಾರು?

ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಮಾಡಿದವರು. ಮನಶ್ಶಾಸ್ತ್ರಜ್ಞರು ಮತ್ತು ಆಪ್ತಸಮಾಲೋಚಕರು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಅದು ಎಷ್ಟೋ ಜನರಿಗೆ ಮಾತ್ರೆಯಷ್ಟೇ ಮುಖ್ಯ, ಆದರೆ ಅವರು ಮಾತ್ರೆ ಬರೆಯುವಂತಿಲ್ಲ. ಬೋರ್ಡಿನಲ್ಲಿ ಬರೀ "ಮನೋರೋಗ ತಜ್ಞ" ಎಂದಿದ್ದರೆ ಪದವಿ ಯಾವುದು ಎಂದು ನೋಡಿ. ಚೀಟಿಯ ಮೇಲೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು.

ಇನ್ನೊಂದು ಗೊಂದಲ ನಮ್ಮಲ್ಲೇ ಹೆಚ್ಚು. "ಹುಚ್ಚಿನ ಡಾಕ್ಟರ ಹತ್ರ ಯಾಕೆ, ನರದ ಡಾಕ್ಟರಿಗೆ ತೋರಿಸೋಣ" ಎಂದು ನರರೋಗ ತಜ್ಞರ ಬಾಗಿಲಲ್ಲಿ ಕೂರುತ್ತೇವೆ. ಲಕ್ವ, ಮೂರ್ಛೆರೋಗಗಳಿಗೆ ಅವರು ಬೇಕು. ಖಿನ್ನತೆಗೆ, ಗೀಳಿಗೆ, ಇಲ್ಲದ ಧ್ವನಿಗಳು ಕೇಳಿಸುವುದಕ್ಕೆ ಅಲ್ಲ. ಈ ನಾಚಿಕೆಯಲ್ಲೇ ಕೆಲವರ ವರ್ಷಗಳು ಕಳೆದುಹೋಗಿವೆ.

ಎಲ್ಲಿಂದ ಶುರು ಮಾಡುವುದು?

ಮನೆಯ ಹತ್ತಿರದ ಡಾಕ್ಟರಿಂದಲೇ ಶುರು ಮಾಡಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇವೆಲ್ಲ ಖಿನ್ನತೆಯ ವೇಷ ಹಾಕಬಲ್ಲವು. ಒಂದು ರಕ್ತ ಪರೀಕ್ಷೆಯಲ್ಲಿ ಅದು ತಿಳಿದುಹೋಗುತ್ತದೆ. ಸಾಮಾನ್ಯ ಖಿನ್ನತೆ, ಆತಂಕಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮಾತ್ರೆ ಆರಂಭಿಸಬಲ್ಲರು.

ಮುಂದಿನದು ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂದದ್ದು 1996ರಲ್ಲಿ. ಅದರ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿಯಲ್ಲಿ ಕಟ್ಟಿ ತೋರಿಸಿತ್ತು. ಇದರ ಮೇಲೆ ಕರ್ನಾಟಕ 'ಮನೋಚೈತನ್ಯ' ಎಂಬ ಯೋಜನೆಯನ್ನೂ ತಂದಿದೆ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ಇದು. ಕಾಗದದ ಮೇಲಿನದೆಲ್ಲ ಎಲ್ಲ ತಾಲ್ಲೂಕಿನಲ್ಲೂ ಒಂದೇ ಥರ ನಡೆಯುವುದಿಲ್ಲವಾದ್ದರಿಂದ ಹೋಗುವ ಮೊದಲು ವಿಚಾರಿಸಿ. ನಮ್ಮ ಮಾವನಿಗೆ ಊರಿನ ಆಶಾ ಕಾರ್ಯಕರ್ತೆ ಹೇಳಿದ್ದರಿಂದಲೇ ಗೊತ್ತಾದದ್ದು.

ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇದ್ದೇ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅನ್ನು ನಾನು ಕೊನೆಗೆ ಹೇಳುವುದು ಬೇಕೆಂದೇ. ರೋಗ ಯಾವುದೆಂದೇ ತಿಳಿಯದಿದ್ದಾಗ, ಎರಡು ಮೂರು ಔಷಧಿ ಬದಲಿಸಿದರೂ ಗುಣ ಕಾಣದಿದ್ದಾಗ ಅಲ್ಲಿಗೆ ಹೋಗಬೇಕು. ಹೋದಾಗಲೂ "ಮುಂದಿನ ತಪಾಸಣೆ ನಮ್ಮ ಜಿಲ್ಲೆಯಲ್ಲೇ ಮಾಡಿಸಿಕೊಳ್ಳಬಹುದೇ? ಒಂದು ಪತ್ರ ಕೊಡುತ್ತೀರಾ?" ಎಂದು ಕೇಳಿ.

ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಸಾಯುವ ಯೋಚನೆ ಬಂದವರಿಗಷ್ಟೇ ಈ ನಂಬರು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಹತ್ತಿರದಲ್ಲಿ ಚಿಕಿತ್ಸೆ ಎಲ್ಲಿದೆ ಎಂದು ವಿಚಾರಿಸಲೂ ಕರೆ ಮಾಡಬಹುದು.

ವಿಡಿಯೊ ಮೂಲಕ ನೋಡುವ ವೈದ್ಯರೂ ಈಗ ಬೇಕಾದಷ್ಟಿದ್ದಾರೆ. ಒಮ್ಮೆ ನೇರವಾಗಿ ತೋರಿಸಿ, ನಂತರದ ಭೇಟಿಗಳನ್ನು ವಿಡಿಯೊದಲ್ಲಿ ಮುಗಿಸುವುದು ದೂರದ ಊರಿನವರಿಗೆ ಒಳ್ಳೆಯ ದಾರಿ. ಆದರೆ ಬಿಗಿ ನಿಯಂತ್ರಣದಲ್ಲಿರುವ ಕೆಲವು ಮಾತ್ರೆಗಳನ್ನು ಹಾಗೆ ಬರೆದುಕೊಡಲು ನಿಯಮ ಬಿಡುವುದಿಲ್ಲ. ವೈದ್ಯರು "ನೇರವಾಗಿ ಬನ್ನಿ" ಎಂದರೆ ಬೇಸರ ಬೇಡ.

ಕೊಂಡೊಯ್ಯುವ ಚೀಲ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಬಿಪಿ, ಶುಗರ್ ಮಾತ್ರೆ, ಮೊಣಕಾಲು ನೋವಿನ ಮಾತ್ರೆ, ಪಂಡಿತರು ಕೊಟ್ಟ ಚೂರ್ಣ, ಎಲ್ಲ. ಒಂದು ಹಾಳೆಯಲ್ಲಿ ನಾಲ್ಕೇ ಸಂಗತಿ ಬರೆದಿಡಿ: ತೊಂದರೆ ಎಂದಿನಿಂದ, ನಿದ್ದೆ ಎಷ್ಟು ಗಂಟೆ, ಹಿಂದೆ ಯಾವ ಮಾತ್ರೆ ಒಗ್ಗಿತು ಅಥವಾ ಒಗ್ಗಲಿಲ್ಲ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇಂಥದ್ದು ಇತ್ತೇ. ಕುಡಿತದ ಲೆಕ್ಕವನ್ನು ಅರ್ಧಕ್ಕಿಳಿಸಿ ಹೇಳಬೇಡಿ. ಡೋಸ್ ನಿರ್ಧಾರವಾಗುವುದು ಅದರ ಮೇಲೂ ಹೌದು. ಗರ್ಭಿಣಿಯಾಗಿದ್ದರೆ, ಮಗು ಬೇಕೆಂದಿದ್ದರೆ ಮೊದಲೇ ಹೇಳಿ. ವಾಲ್ಪ್ರೋಯೇಟ್‌ನಂಥ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು.

ಒಂದೇ ಮನೆಯಲ್ಲಿರುವವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಹಾಗೆಂದು ಅವರೇ ಎಲ್ಲ ಮಾತಾಡಿ ಮುಗಿಸಬಾರದು. ಐದು ನಿಮಿಷ ಒಬ್ಬರೇ ಮಾತಾಡಬೇಕು ಎಂದು ವೈದ್ಯರನ್ನು ಕೇಳಲು ನಿಮಗೆ ಹಕ್ಕಿದೆ.

ಕೋಣೆಯೊಳಗೆ ಕೇಳಬೇಕಾದದ್ದು

ಬಹಳ ಮಂದಿ ಎಡವುವುದು ಇಲ್ಲಿ. ಡಾಕ್ಟರ ಎದುರು ಕೇಳಬೇಕಾದದ್ದನ್ನು ಹೊರಗೆ ಬಂದು ಮೆಡಿಕಲ್ ಶಾಪಿನ ಹುಡುಗನನ್ನು ಕೇಳುತ್ತೇವೆ.

ಕಾಯಿಲೆಯ ಹೆಸರೇನು ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಮಾತ್ರೆ ಯಾವುದಕ್ಕೆ, ಯಾವಾಗ ಗುಣ ಕಾಣುತ್ತದೆ ಎಂದು ಕೇಳಿ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ವಾಕರಿಕೆ, ಚಡಪಡಿಕೆ ಮೊದಲ ವಾರವೇ ಬರಬಹುದು. ಕಷ್ಟ ಮೊದಲು, ಸುಖ ಆಮೇಲೆ. ಇದು ಗೊತ್ತಿಲ್ಲದವರು ಹತ್ತನೇ ದಿನ ಮಾತ್ರೆ ಎಸೆಯುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರೇಳು ತಿಂಗಳಾದರೂ ಮುಂದುವರಿಸಬೇಕು, ಆಮೇಲೆ ನಿಧಾನವಾಗಿ ಇಳಿಸಬೇಕು.

ರಕ್ತ ಪರೀಕ್ಷೆ ಯಾವುದು, ಎಷ್ಟು ದಿನಕ್ಕೊಮ್ಮೆ? ಮಾವನಿಗೆ ಕೊಡುವ ಲಿಥಿಯಂ ಅರವತ್ತು ವರ್ಷಗಳಿಗೂ ಹಳೆಯ, ಅಗ್ಗದ, ಒಳ್ಳೆಯ ಔಷಧಿ. ಆದರೆ ರಕ್ತದಲ್ಲಿ ಅದರ ಮಟ್ಟ ಏರಿದರೆ ವಿಷ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಆಗಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಉಪ್ಪನ್ನು ಒಮ್ಮೆಲೇ ಬಿಟ್ಟರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಅಂದೇ ಆಸ್ಪತ್ರೆಗೆ. ಓಲಾಂಜಪಿನ್ ತೆಗೆದುಕೊಳ್ಳುವವರು ತೂಕ, ಶುಗರ್ ನೋಡಿಸಬೇಕು. ಕ್ಲೋಜಪಿನ್ ಆದರೆ ಬಿಳಿ ರಕ್ತಕಣದ ಎಣಿಕೆ, ಅದೂ ಮೊದಲ ತಿಂಗಳುಗಳಲ್ಲಿ ವಾರವಾರ.

ಕ್ಲೋನಾಜೆಪಾಮ್‌ನಂಥ ನಿದ್ದೆ, ಆತಂಕದ ಮಾತ್ರೆ ಕೊಟ್ಟರೆ "ಇದು ಎಷ್ಟು ದಿನಕ್ಕೆ?" ಎಂದು ಕೇಳಿಯೇ ಏಳಿ. ಅದು ಅಭ್ಯಾಸವಾಗುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಅಪಾಯ.

ನಾನು ಇನ್ನೊಂದು ಅಳತೆ ಇಟ್ಟುಕೊಂಡಿದ್ದೇನೆ. ಸರಕಾರಿ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ಮರುಭೇಟಿ ಐದು ನಿಮಿಷದಲ್ಲಿ ಮುಗಿದರೆ ತಪ್ಪಲ್ಲ. ಮೊದಲ ಭೇಟಿಯೇ ಐದು ನಿಮಿಷವಾಗಿ, ನಾಲ್ಕು ಮಾತ್ರೆ ಬರೆದು, ಪ್ರಶ್ನೆ ಕೇಳಿದರೆ ಗದರಿದರೆ ಬೇರೆ ವೈದ್ಯರನ್ನು ನೋಡಿಕೊಳ್ಳಿ. ಬದಲಿಸುವಾಗ ಹಳೆಯ ಮಾತ್ರೆ ನಿಲ್ಲಿಸಬೇಡಿ, ಎರಡು ವಾರದ ಮಾತ್ರೆ ಕೈಯಲ್ಲಿರಲಿ. ನಿಮ್ಮ ಚಿಕಿತ್ಸೆಯ ದಾಖಲೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಗುಟ್ಟು ಕಾಯುವುದು ವೈದ್ಯರ ಕರ್ತವ್ಯ ಎಂದೂ ಅದೇ ಕಾಯ್ದೆ ಹೇಳುತ್ತದೆ. "ಮಗಳ ಮದುವೆಗೆ ತೊಡಕಾದರೆ?" ಎಂದು ಹೆದರುವವರಿಗೆ ಇದು ತಿಳಿದಿರಲಿ.

ಖರ್ಚು, ಮತ್ತು ಕಾಯಬಾರದ ಹೊತ್ತು

ಸರಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿಗಳು ಉಚಿತ. ಸ್ಟಾಕ್ ಇಲ್ಲ ಎಂದರೆ ಜನೌಷಧಿ ಕೇಂದ್ರಕ್ಕೆ ಹೋಗಿ. ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರನ್ನೇ ಬರೆಯಲು ವೈದ್ಯರನ್ನು ಕೇಳಿದರೆ ದುಡ್ಡೂ ಉಳಿಯುತ್ತದೆ, ನಮ್ಮತ್ತೆಗಾದ ಗೊಂದಲವೂ ತಪ್ಪುತ್ತದೆ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ಒಪಿಡಿ ಖರ್ಚು ಕೊಡುವುದಿಲ್ಲ.

ಸಾಯುವ ಮಾತು ಬಂದರೆ, ಊಟ ನೀರು ಬಿಟ್ಟರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಕೆರಳಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 108ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಬ್ಬರನ್ನೇ ಬಿಡಬೇಡಿ. ಮಾತ್ರೆ ಮತ್ತು ಹೊಲಕ್ಕೆ ಹೊಡೆಯುವ ಔಷಧಿ ಎರಡನ್ನೂ ಬೀಗದೊಳಗಿಡಿ.

ಮಾವನ ಮನೆಯ ಪ್ಲಾಸ್ಟಿಕ್ ಚೀಲ ಈಗ ಇಲ್ಲ. ಒಂದು ಸ್ಟೀಲ್ ಡಬ್ಬಿಯಿದೆ, ಅದರಲ್ಲಿ ಎರಡೇ ಬಗೆಯ ಮಾತ್ರೆ. ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಮಂಗಳವಾರಕ್ಕೆ ಅತ್ತೆ ಗುಂಡಗೆ ಸುತ್ತು ಹಾಕಿರುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಚೀಲವಿದ್ದರೆ, ಬರುವ ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿ: "ನಾಳೆ ಮನೋವೈದ್ಯರು ಬರ್ತಾರಾ?"