ತಿಂಗಳು ತಪ್ಪದ ಒಂದು ಪಾಲು

ಶಿರ್ವದಿಂದ ಮಣಿಪಾಲ, ಬೆಂಗಳೂರು, ದುಬೈ ಎಂದು ದುಡಿಯಲು ಹೋಗಿರುವ ಮಕ್ಕಳೇ, ನಿಮ್ಮಲ್ಲಿ ಒಂದು ಮಾತು. ಊರಿನ ಬ್ರಹ್ಮಕಲಶಕ್ಕೆ, ಇಗರ್ಜಿಯ ಹಬ್ಬಕ್ಕೆ, ಹರಕೆಯ ಯಕ್ಷಗಾನ ಆಟಕ್ಕೆ ನೀವು ಕೈಬಿಚ್ಚಿ ಕೊಡುತ್ತೀರಿ. ಸಂತೋಷ. ಅಂತರ್ಜಾಲದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿಬೀಳುವ ಮಕ್ಕಳ ಬೆನ್ನಿಗೆ ನಿಲ್ಲುವ ಸಂಸ್ಥೆಗಳಿಗೂ ತಿಂಗಳು ತಿಂಗಳು ಒಂದು ಪಾಲು ತೆಗೆದಿಡಿ.

ನಮ್ಮ ಮನೆಗಳನ್ನೇ ನೋಡಿ. ಅಪ್ಪ ಗಲ್ಫಿನಲ್ಲಿ. ಅಜ್ಜಿ ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ. ಪಕ್ಕದಲ್ಲೇ ಮೊಮ್ಮಗಳ ಕೈಯಲ್ಲಿ ಮೊಬೈಲ್. ಆನ್‌ಲೈನ್ ಆಟದಲ್ಲಿ ಪರಿಚಯವಾದವನು ಮೊದಲು ಹೊಗಳುತ್ತಾನೆ, ಆಮೇಲೆ ಫೋಟೋ ಕೇಳುತ್ತಾನೆ, ಕಳಿಸಿದ ಮೇಲೆ ಹೆದರಿಸುತ್ತಾನೆ. ಒಂದು ಅಟ್ಟೆ ಮಲ್ಲಿಗೆ ಕಟ್ಟಿ ಮುಗಿಯುವುದರೊಳಗೆ ಇಷ್ಟೂ ನಡೆದುಹೋಗಬಹುದು. ಅಜ್ಜಿಗೆ ಸುಳಿವೂ ಸಿಗುವುದಿಲ್ಲ.

ಕಾನೂನು ಗಟ್ಟಿಯಾಗಿಯೇ ಇದೆ. 2012ರ ಪೋಕ್ಸೊ ಕಾಯ್ದೆಯಂತೆ ಇಂಥ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಮಕ್ಕಳ ಅಶ್ಲೀಲ ದೃಶ್ಯಗಳನ್ನು ನೋಡುವುದು, ಇಟ್ಟುಕೊಳ್ಳುವುದು ಎಷ್ಟು ಗಂಭೀರ ಎಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಬೆದರಿದ ಮಗುವಿನ ಕೈಹಿಡಿದು ಠಾಣೆಯ ಮೆಟ್ಟಿಲು ಹತ್ತಿಸುವವರು ಯಾರು? 2020ರ ಪೋಕ್ಸೊ ನಿಯಮಗಳಲ್ಲಿ ಅದಕ್ಕೆಂದೇ ‘ಬೆಂಬಲ ವ್ಯಕ್ತಿ’ ಇದ್ದಾರೆ. ಮಕ್ಕಳ ಕಲ್ಯಾಣ ಸಮಿತಿ ಅವರನ್ನು ಗೊತ್ತುಮಾಡುತ್ತದೆ. ತನಿಖೆ, ವಿಚಾರಣೆ ಮುಗಿಯುವವರೆಗೂ ಅವರು ಮಗುವಿನ ಜೊತೆಗಿರುತ್ತಾರೆ. ಈ ಕೆಲಸಕ್ಕೆ ಹೆಗಲು ಕೊಡುವವರಲ್ಲಿ ಸ್ವಯಂಸೇವಾ ಸಂಸ್ಥೆಗಳೂ ಇವೆ. ಇಬ್ಬರು ಸ್ತ್ರೀರೋಗ ತಜ್ಞೆಯರು 2001ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎನ್‌ಫೋಲ್ಡ್ ಅಂಥದ್ದೊಂದು. ಇಂದು ಸರ್ಕಾರ ನಡೆಸುತ್ತಿರುವ 1098 ಮಕ್ಕಳ ಸಹಾಯವಾಣಿಯೂ 1996ರಲ್ಲಿ ಮುಂಬೈಯ ಸಮಾಜಸೇವಕರ ಪ್ರಯತ್ನವಾಗಿಯೇ ಶುರುವಾದದ್ದು.

ಪ್ರಕರಣ ವರ್ಷಗಟ್ಟಲೆ ಎಳೆಯಬಹುದು. ಪ್ರತಿ ವಾಯಿದೆಗೂ ಬೆಂಬಲ ವ್ಯಕ್ತಿಯಾಗಿ ಹೊಸಬರು ಬಂದರೆ ಮಗು ಮತ್ತೆ ಮೊದಲಿನಿಂದ ಹೇಳಬೇಕು. ಅದೇ ಅಕ್ಕ ಬರಬೇಕಾದರೆ ಆಕೆಗೆ ತಿಂಗಳಿಗೆ ಸರಿಯಾಗಿ ಸಂಬಳ ಸಿಗಬೇಕು. ಸುದ್ದಿ ಓದಿ ಮನಸ್ಸು ಕುದಿದ ದಿನ ಒಮ್ಮೆ ಕೊಟ್ಟ ದೊಡ್ಡ ಮೊತ್ತದಿಂದ ಇದು ಆಗದು. ಐನೂರೇ ಆಗಲಿ, ತಪ್ಪದೆ ಕೊಡಿ.

ಕೊಡುವ ಮೊದಲು ವಿಚಾರಿಸಿ. ನೋಂದಣಿ, ಲೆಕ್ಕಪತ್ರ, 80ಜಿ ರಸೀದಿ ಕೇಳುವುದರಲ್ಲಿ ಸಂಕೋಚ ಬೇಡ. ನೊಂದ ಮಗುವಿನ ಮುಖ ತೋರಿಸಿ ದುಡ್ಡು ಕೇಳುವವರಿಗೆ ಒಂದು ಕಾಸೂ ಕೊಡಬೇಡಿ. ಮಗುವಿನ ಗುರುತು ಕಾಪಾಡದವರು ಮಗುವನ್ನು ಹೇಗೆ ಕಾಪಾಡಿಯಾರು?

ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ, ಖಂಡಿಸುವುದಕ್ಕಾಗಿಯೂ ಯಾರಿಗೂ ಕಳಿಸಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಪ್ರತಿಯೊಂದು ಫಾರ್ವರ್ಡ್ ಆ ಮಗುವಿನ ಮೇಲೆ ಇನ್ನೊಂದು ಪೆಟ್ಟು.

ಬಂಟಕಲ್ಲು, ಶಿರ್ವದ ಕಾಲೇಜುಗಳಲ್ಲಿ ಓದುತ್ತಿರುವವರೇ, ನಿಮ್ಮ ಕೈಯಲ್ಲಿ ಹಣವಿಲ್ಲದಿದ್ದರೂ ತಿಳಿವಳಿಕೆ ಇದೆ. ಭಾನುವಾರ ನಾಲ್ಕು ಮನೆಗೆ ಹೋಗಿ, ಅಜ್ಜಿಯರಿಗೆ ಅವರ ತುಳುವಿನಲ್ಲಿ, ಕೊಂಕಣಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿ. ‘ಏನೇ ಆಗಿರಲಿ, ಬೈಯುವುದಿಲ್ಲ, ನನ್ನ ಹತ್ತಿರ ಹೇಳು’ ಎಂದು ಮೊಮ್ಮಕ್ಕಳಿಗೆ ಹೇಳುವಂತೆ ಮಾಡಿ. ದುಡಿಯುವವರು ಈ ತಿಂಗಳ ಸಂಬಳದಿಂದಲೇ ಆರಂಭಿಸಿ.