ಮುಚ್ಚಂಜೆಯ ಉದ್ಯಾನದಲ್ಲಿ ಗೂಬೆಯೂ ಬಾವಲಿಯೂ

ಬೆಂಗಳೂರಿನಲ್ಲಿ 1870ರಲ್ಲಿ ನಿರ್ಮಿತವಾದ ಕಬ್ಬನ್ ಪಾರ್ಕಿಗೆ ಮಕ್ಕಳನ್ನು ಕರೆದೊಯ್ಯುವ ತಾಯಂದಿರು ಸೂರ್ಯಾಸ್ತವಾಗುತ್ತಲೇ ಮರದ ಪೊಟರೆಗಳನ್ನು ನೋಡಿರಿ. ಅಲ್ಲಿಂದ ಇಣಿಕುವ ಬಿಳಿಚುಕ್ಕೆಯ ಪುಟ್ಟ ಗೂಬೆಯೇ ಹಾಲಕ್ಕಿ. ಗೂಬೆಯ ಕೂಗು ಅಪಶಕುನವೆಂದು ಅಂಜುವ ನಾವೇ, ಬುಡಬುಡಿಕೆಯವನು ಹಾಲಕ್ಕಿ ನುಡಿಯಿತೆಂದರೆ ಶುಭವೆಂದು ಧಾನ್ಯ ನೀಡುತ್ತೇವೆ! ಆ ಅಂಜಿಕೆಯಿಂದ ಕಲ್ಲೇಟಿಗೆ ಗುರಿಯಾದ ಗೂಬೆಗಳೆಷ್ಟೋ! ಅದರ ಆಹಾರವಾದರೋ ಹುಳುಹುಪ್ಪಟೆ, ಇಲಿಮರಿಗಳು.

ಬಳಿಕ ಆಕಾಶವನ್ನು ನೋಡಿರಿ. ಬಾವಲಿಯು ಪಕ್ಷಿಯಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ. ಕೀಟಗಳನ್ನು ಹಿಡಿಯುವ ಸಣ್ಣ ಬಾವಲಿಗಳು ನಮ್ಮ ಕಿವಿಗೆ ನಿಲುಕದ ಸ್ವರವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದಲೇ ದಾರಿಯನ್ನರಿಯುತ್ತವೆ. ಅಂತಹ ಸ್ವರವನ್ನು ಯಂತ್ರದಿಂದ ಪತ್ತೆಹಚ್ಚಿ 1938ರಲ್ಲಿ ಪ್ರಕಟಿಸಿದವರಲ್ಲಿ ಡೊನಾಲ್ಡ್ ಗ್ರಿಫಿನ್ ಇನ್ನೂ ವಿದ್ಯಾರ್ಥಿಯಾಗಿದ್ದನೆಂಬುದನ್ನು ನಿಮ್ಮ ಮಕ್ಕಳಿಗೆ ಅವಶ್ಯವಾಗಿ ಹೇಳಿರಿ. ದೊಡ್ಡ ತೊಗಲುಬಾವಲಿಗೆ ಈ ವಿದ್ಯೆಯಿಲ್ಲ. ಅದು ಕಣ್ಣು ಮೂಗುಗಳನ್ನೇ ನಂಬಿ ಹಣ್ಣನ್ನರಸುತ್ತದೆ. ಪೊಟರೆಯೊಳಕ್ಕೆ ಮಾತ್ರ ದೀಪ ಹಾಯಿಸಬೇಡಿರಿ.